ಕೆಂಪು ತೊಗಟೆಯ ಸಿಂಕೋನಾ ಬೀಜವನ್ನು ಸಂಗ್ರಹಿಸಿದ ರಿಚರ್ಡ್ ಸ್ಪ್ರೂಸ್‌ರವರ ವೃತ್ತಾಂತ

ಮಲೆನಾಡಿನ ಗ್ರಾಮಗಳ ಹಿಂದಿನ ಸ್ಥಿತಿಯನ್ನು ಹಿರಿಯರ ಬಾಯಿಂದ ಕೇಳಿರುವ ಯಾವ ಜಮೀನುದಾರರಿಗೂ ಚಳಿಜ್ವರವೆಂದರೇನೆಂಬುದನ್ನು ವಿವರಿಸಿ ಹೇಳಬೇಕಾದುದಿಲ್ಲ. ಮಳೆ ಹಿಡಿದು ಗದ್ದೆಗಳು ನಾಟಿಗೆ ಸಿದ್ಧವಾಗುವ ಕಾಲಕ್ಕೆ ಸರಿಯಾಗಿ ಆಳುಗಳು ಕಂಬಳಿ ಹೊದ್ದು ಮಲಗುತ್ತಿದ್ದರು. ಅಡಿಕೆಯ ಕೊನೆ ಇಳಿಸುವ ಕಾಲಕ್ಕೆ ಮರ ಹತ್ತುವವರೇ ದೊರೆಯುತ್ತಿರಲಿಲ್ಲ. ನೀರಿಗೂ ಗೊಬ್ಬರಕ್ಕೂ ಕೊರತೆಯಿಲ್ಲದ ಭೂಮಿಯು ದುಡಿಯುವ ಕೈಗಳಿಲ್ಲದೆ ಪಾಳು ಬೀಳುತ್ತಿದ್ದಿತು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಈ ವ್ಯಾಧಿಗೆ ನಂಬತಕ್ಕ ಮುಖ್ಯ ಔಷಧವೆಂದರೆ ಸಿಂಕೋನಾ ಮರದ ತೊಗಟೆಯೂ ಅದರಿಂದ ತೆಗೆದ ಕ್ವಿನೀನೂ ಆಗಿದ್ದವು. ಆ ಮರವು ಭರತಖಂಡದ ಮರವಲ್ಲ. ಅದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಇಳಿಜಾರಿನಲ್ಲಿ, ಮಂಜು ಮುಸುಕಿದ ಕಾಡುಗಳಲ್ಲಿ, ತಾನಾಗಿ ಬೆಳೆಯುತ್ತದೆ. ಅಲ್ಲಿಂದ ಅದರ ಒಂದು ಮುಖ್ಯ ಜಾತಿಯ ಬೀಜವನ್ನೂ ಸಸಿಗಳನ್ನೂ ಕೂಡಿಸಿ, ನೀಲಗಿರಿಗೆ ಬರುವಂತೆ ಮಾಡಿದವರು ರಿಚರ್ಡ್ ಸ್ಪ್ರೂಸ್ ಎಂಬ ಸಸ್ಯಶಾಸ್ತ್ರಜ್ಞರು. ಬಿತ್ತನೆಯ ಬೀಜದ ಆಯ್ಕೆ, ಸಸಿಗಳ ಸಾಗಾಟ, ಕಾಡಿನ ಉತ್ಪನ್ನದ ಹಕ್ಕು, ಪೇಟೆಯ ಧಾರಣೆ ಮುಂತಾಗಿ ಹಿಡುವಳಿದಾರರು ಇಂದಿಗೂ ವಿಚಾರಿಸತಕ್ಕ ಅಂಶಗಳು ಅವರ ಚರಿತ್ರೆಯಲ್ಲಿ ಹಲವು ಇವೆ.

ಸ್ಪ್ರೂಸ್‌ರವರು ೧೮೧೭ನೆಯ ಇಸವಿ ಸೆಪ್ಟೆಂಬರ್ ೧೦ನೆಯ ತಾರೀಖು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಗ್ಯಾಂತೋರ್ಪ್ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದರು. ತಂದೆಯು ಶಾಲೆಯ ಉಪಾಧ್ಯಾಯರು. ಮಗನೂ ಮೊದಲು ಅದೇ ವೃತ್ತಿಯನ್ನು ಹಿಡಿದು ಯಾರ್ಕ್ ನಗರದಲ್ಲಿ ಗಣಿತವನ್ನು ಕಲಿಸುತ್ತಿದ್ದರು. ಆದರೆ ಶರೀರವು ಬಹಳ ದುರ್ಬಲ. ಶಾಲೆಯ ಕೊಠಡಿಯ ಕೆಲಸವು ಹಿಡಿಸಲಿಲ್ಲ. ಬಿಡುವಿನ ವೇಳೆಯಲ್ಲೆಲ್ಲಾ ಗುಡ್ಡಗಳನ್ನು ಅಲೆದು, ಇತರರು ಕಾಲಲ್ಲಿ ತುಳಿದು ಹೋಗುವ ಹಾವಸೆಗಳನ್ನು ಆಯ್ದು ತಂದು ಪರೀಕ್ಷಿಸುವುದು ಅವರ ಅಭ್ಯಾಸವಾಗಿದ್ದಿತು. ೧೮೪೪ರಲ್ಲಿ ಶಾಲೆಯ ಉದ್ಯೋಗವು ಕೊನೆಗೊಂಡಿತು. ಮರುವರ್ಷ ಪಿರೆನೀಸ್ ಪರ್ವತಗಳಿಗೆ ಹೋಗಿ, ಅಲ್ಲಿ ಶೇಖರಿಸಿದ ಸಸ್ಯಗಳನ್ನು ಒಣಗಿಸಿ ಮಾರಿ, ಅದರಿಂದಲೇ ಜೀವನೋಪಾಯವು ನಡೆಯುವುದೆಂಬುದನ್ನು ಕಂಡುಕೊಂಡರು.

ಆ ಕಾಲದಲ್ಲಿ ಸಸ್ಯಗಳನ್ನು ಹುಡುಕುವ ಹಲವರಿಗೆ ಸಂಬಳವೆಂಬುದು ಇರಲಿಲ್ಲ. ಒಣಗಿಸಿದ ಮಾದರಿಗಳನ್ನು ನೂರರ ಲೆಕ್ಕದಲ್ಲಿ ಕಟ್ಟಿ ಕಳುಹಿಸಿದರೆ, ಯೂರೋಪಿನ ವಿದ್ವಾಂಸರೂ ತೋಟದ ಒಡೆಯರೂ ಚಂದಾದಾರರಾಗಿ ಹಣ ಕೊಡುತ್ತಿದ್ದರು. ಸ್ಪ್ರೂಸ್‌ರವರ ಪೊಟ್ಟಣಗಳನ್ನು ಇಂಗ್ಲೆಂಡಿನಲ್ಲಿ ಬಿಡಿಸಿ, ಹೆಸರಿಟ್ಟು, ಚಂದಾದಾರರಿಗೆ ಹಂಚುವ ಭಾರವನ್ನು ಜಾರ್ಜ್ ಬೆಂಥಮ್ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞರು ವಹಿಸಿಕೊಂಡರು. ಈ ಏರ್ಪಾಟನ್ನು ನಂಬಿ ಸ್ಪ್ರೂಸ್‌ರವರು ೧೮೪೯ರಲ್ಲಿ ಹಡಗು ಹತ್ತಿ, ಅಮೆಜಾನ್ ಮಹಾನದಿಯ ಮುಖದಲ್ಲಿರುವ ಪಾರಾ ಪಟ್ಟಣವನ್ನು ಸೇರಿದರು. ಮರಳಿ ಸ್ವದೇಶವನ್ನು ಕಂಡುದು ಹದಿನೈದು ವರ್ಷಗಳ ನಂತರ.

ಆ ಹದಿನೈದು ವರ್ಷಗಳ ಸಂಚಾರವನ್ನೆಲ್ಲಾ ಇಲ್ಲಿ ಬರೆಯಲು ಅವಕಾಶವಿಲ್ಲ. ಅಮೆಜಾನ್ ನದಿಯನ್ನು ಹಿಡಿದು ಸಾಂತರೇಮ್, ಅಲ್ಲಿಂದ ಈಗಿನ ಮನಾಔಸ್ ನಗರ, ಅನಂತರ ರಿಯೋ ನೀಗ್ರೋ ನದಿಯ ಮೇಲ್ಭಾಗ, ಔಪೆಸ್ ನದಿ, ವೆನೆಜುವೆಲಾ ದೇಶದ ಕಾಸಿಕಿಯಾರೆ ಮತ್ತು ಒರಿನೋಕೋ ನದಿಗಳು, ಹೀಗೆ ದೋಣಿಯೇ ಮನೆಯಾಗಿ ಐದಾರು ವರ್ಷಗಳು ಕಳೆದವು. ಸಸ್ಯಗಳನ್ನು ಕಾಗದದ ನಡುವೆ ಒತ್ತಿಟ್ಟು, ಕಾಗದಗಳನ್ನು ದಿನವೂ ಬದಲಾಯಿಸಿ ಒಣಗಿಸಬೇಕು. ಮಳೆಯು ಬಿಡದ ಆ ಪ್ರದೇಶದಲ್ಲಿ ಕಾಗದವೇ ಒಣಗದು, ಒಣಗಿದುದಕ್ಕೆ ಬೂಷ್ಟು, ಬೂಷ್ಟಿನಿಂದ ಉಳಿದುದಕ್ಕೆ ಇರುವೆ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅಡಿಕೆಯನ್ನೋ ಏಲಕ್ಕಿಯನ್ನೋ ಕೆಡದಂತೆ ಕಾಪಾಡಿದವರು ಈ ಕಷ್ಟವನ್ನು ಊಹಿಸಬಲ್ಲರು. ಇಷ್ಟರ ನಡುವೆಯೂ ಅವರು ಸುಮಾರು ೭,೦೦೦ ಜಾತಿಯ ಸಸ್ಯಗಳನ್ನು ಶೇಖರಿಸಿದರು. ಆ ಪ್ರಾಂತಗಳ ೨೧ ಭಾಷೆಗಳ ಶಬ್ದಗಳನ್ನು ಬರೆದಿಟ್ಟರು. ಅರಣ್ಯವಾಸಿಗಳು ಯಾವ ಬಳ್ಳಿಯನ್ನು, ಯಾವ ತೊಗಟೆಯನ್ನು, ಯಾವುದಕ್ಕಾಗಿ ಬಳಸುವರೆಂಬುದನ್ನು ಕೇಳಿ ಬರೆದುಕೊಂಡರು. ರಬ್ಬರು ಮರದಿಂದ ಹಾಲನ್ನು ತೆಗೆಯುವ ಕ್ರಮವನ್ನು ಕಣ್ಣಾರೆ ನೋಡಿ ವರ್ಣಿಸಿ ಬರೆದವರಲ್ಲಿ ಅವರೂ ಒಬ್ಬರು. ಆ ರಬ್ಬರಿನ ಬೀಜವು ಏಷ್ಯಾ ಖಂಡಕ್ಕೆ ಬಂದುದು ಅನಂತರ, ೧೮೭೬ರಲ್ಲಿ, ಬೇರೊಬ್ಬರ ಕೈಯಿಂದ.

೧೮೫೪ರಲ್ಲಿ ಒರಿನೋಕೋ ನದಿಯ ತೀರದ ಮೈಪೂರೆಸ್ ಎಂಬಲ್ಲಿ ಅವರನ್ನು ಚಳಿಜ್ವರವು ಹಿಡಿಯಿತು. ಮೂವತ್ತೆಂಟು ದಿನಗಳ ಕಾಲ ಏಳಲಾರದೆ ಬಿದ್ದಿದ್ದರು. ನೋಡಿಕೊಳ್ಳಲೆಂದು ಗೊತ್ತುಮಾಡಿದ್ದ ಹೆಂಗಸೇ ಇವರು ಸತ್ತರೆ ಸಾಕೆಂದು ಶಪಿಸುತ್ತಿದ್ದಳು. ಆಗ ಅವರು ಸೇವಿಸಿದುದು ಕ್ವಿನೀನು. ಮುಂದೆ ಆರು ವರ್ಷಗಳಾದ ಮೇಲೆ ಆ ಔಷಧದ ಮರವನ್ನೇ ಹುಡುಕುವ ಕೆಲಸವು ತಮಗೆ ಬರುವುದೆಂದು ಅವರಿಗೆ ಆಗ ತಿಳಿದಿರುವ ಸಂಭವವಿಲ್ಲ.

ಬಯಲಿನ ನದಿಗಳನ್ನು ಬಿಟ್ಟು ಅವರು ೧೮೫೫ರಲ್ಲಿ ಪೆರು ದೇಶದ ತಾರಾಪೋತೋ ಎಂಬ ಬೆಟ್ಟದ ಊರನ್ನು ಸೇರಿದರು. ಆಂಡೀಸ್ ಪರ್ವತದ ಪೂರ್ವದ ತಪ್ಪಲಿನ ಈ ಊರಿನ ಸುತ್ತ ಎರಡು ವರ್ಷಗಳ ಕಾಲ ಶೋಧ ನಡೆಯಿತು. ಜರಿಗಿಡಗಳೂ ಅವುಗಳ ಬಳಗಕ್ಕೆ ಸೇರಿದವೂ ಕೂಡಿ ಸುಮಾರು ೨೫೦ ಜಾತಿಗಳು ಅಲ್ಲಿಯೇ ದೊರೆತವು. ೧೮೫೭ರಲ್ಲಿ ಅಲ್ಲಿಂದ ಈಕ್ವಡಾರ್ ದೇಶದ ಬಾನ್ಯೋಸ್ ಎಂಬ ಊರಿಗೆ ಹೊರಟರು. ದೂರವು ಸುಮಾರು ೫೦೦ ಮೈಲಿ. ದೋಣಿಯಲ್ಲಿಯೂ ಕಾಲುನಡೆಯಲ್ಲಿಯೂ ಕ್ರಮಿಸಿದ ಈ ಮಾರ್ಗಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಪ್ರವಾಹ ಬಂದ ಹೊಳೆಗಳನ್ನು ಬಿದಿರಿನ ಸಂಕದ ಮೇಲೆ ದಾಟಬೇಕಾಗಿ ಬಂದಿತು. ಸಾಮಾನನ್ನು ಹೊತ್ತವರು ಮುನಿಸಿಕೊಂಡರು. ಇಂತಹ ಸಮಯದಲ್ಲಿಯೂ ದಾರಿಯ ಬದಿಯ ಒಂದು ಹಾವಸೆಯ ತುಣುಕನ್ನು ಕಂಡರೆ ಅವರಿಗೆ ತಮ್ಮ ತೊಂದರೆಯೆಲ್ಲವೂ ಮರೆತುಹೋಗುತ್ತಿದ್ದಿತು. ಈ ಹುಚ್ಚನ್ನು ಕಂಡು ಸಂಗಡಿಗರು ನಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಯಾರಿಗೂ ಬೇಡವಾದ ಸಣ್ಣ ಸಸ್ಯಗಳ ಭೇದವನ್ನು ಗುರುತಿಸಿ ಪಳಗಿದ ಕಣ್ಣೇ ಮುಂದೆ ಸಿಂಕೋನಾ ಜಾತಿಗಳ ನಡುವಿನ ಭೇದವನ್ನು ತಿಳಿಯಲು ಒದಗಿತು.

ಸಿಂಕೋನಾ ಎಂಬುದು ಒಂದೇ ಮರದ ಹೆಸರಲ್ಲ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾತಿಗಳುಂಟು. ಎಲೆಯನ್ನೂ ಹೂವನ್ನೂ ನೋಡಿದರೆ ಒಂದಕ್ಕೊಂದು ಹೋಲುತ್ತವೆ. ಆದರೆ ತೊಗಟೆಯಲ್ಲಿರುವ ಔಷಧಾಂಶದಲ್ಲಿ ಅಜಗಜಾಂತರ. ೧೮೨೦ರಲ್ಲಿ ಪೆಲ್ಲಟಿಯೇ ಮತ್ತು ಕವಾಂತು ಎಂಬ ಇಬ್ಬರು ಫ್ರೆಂಚ್ ರಸಾಯನಶಾಸ್ತ್ರಜ್ಞರು ಈ ತೊಗಟೆಯಿಂದ ಕ್ವಿನೀನನ್ನು ಬೇರ್ಪಡಿಸಿದ ನಂತರ, ಯಾವ ತೊಗಟೆಯಲ್ಲಿ ಎಷ್ಟು ಸತ್ವವಿದೆಯೆಂಬುದನ್ನು ಅಳೆದು ಹೇಳಲು ಸಾಧ್ಯವಾಯಿತು. ಬೇಡಿಕೆಯು ಹೆಚ್ಚಿತು. ಆಂಡೀಸ್ ಕಾಡುಗಳಲ್ಲಿ ತೊಗಟೆ ಸುಲಿಯುವವರು ಮರವನ್ನು ಬುಡಕ್ಕೆ ಕಡಿದು ಕೆಡವಿ, ತೊಗಟೆಯನ್ನು ಕಿತ್ತು ಮುಂದಕ್ಕೆ ಹೋಗುತ್ತಿದ್ದರು. ಹೀಗೆಯೇ ನಡೆದರೆ ಮರವು ಅಳಿದುಹೋಗಬಹುದೆಂಬ ಭಯವು ಹುಟ್ಟಿತು. ಭರತಖಂಡದ ಬ್ರಿಟಿಷ್ ಸರಕಾರವು ಸೈನ್ಯಕ್ಕೂ ಅಧಿಕಾರಿಗಳಿಗೂ ಬೇಕಾದ ಕ್ವಿನೀನಿಗೆ ವರ್ಷವರ್ಷವೂ ದೊಡ್ಡ ಮೊಬಲಗನ್ನು ತೆರುತ್ತಿದ್ದುದರಿಂದ, ಮರವನ್ನು ಇಲ್ಲಿಯೇ ಬೆಳೆಯಿಸುವ ಯೋಚನೆ ಮಾಡಿತು. ಈ ಯತ್ನದ ನಾಯಕರು ಕ್ಲೆಮೆಂಟ್ಸ್ ಮಾರ್ಕ್‌ಹ್ಯಾಮ್. ಹಳದಿ ತೊಗಟೆಯ ಕ್ಯಾಲಿಸಾಯ ಜಾತಿಯನ್ನು ದಕ್ಷಿಣ ಪೆರುವಿನಿಂದ ತರಲು ಅವರು ತಾವೇ ಹೋದರು. ಕೆಂಪು ತೊಗಟೆಯ ಜಾತಿಯನ್ನು ಈಕ್ವಡಾರಿನಿಂದ ಕೂಡಿಸುವ ಕೆಲಸವನ್ನು, ಆಗಲೇ ಆ ಪ್ರಾಂತದಲ್ಲಿದ್ದ ಸ್ಪ್ರೂಸ್‌ರವರಿಗೆ ಒಪ್ಪಿಸಲಾಯಿತು.

ಕೆಂಪು ತೊಗಟೆಯ ಮರಗಳಿದ್ದುದು ಚಿಂಬೊರಾಸೋ ಎಂಬ ಹಿಮಶಿಖರದ ಪಶ್ಚಿಮದ ಇಳಿಜಾರಿನಲ್ಲಿ. ಆ ಕಾಡುಗಳು ಯಾರದೂ ಅಲ್ಲದ ಕಾಡುಗಳಾಗಿರಲಿಲ್ಲ. ಆ ದೇಶದ ಅಧ್ಯಕ್ಷರಾಗಿದ್ದ ಜನರಲ್ ಫ್ಲೋರೆಸ್‌ರವರಂತಹ ದೊಡ್ಡ ಭೂಮಾಲೀಕರಿಗೆ ಅವು ಸೇರಿದ್ದು, ತೊಗಟೆಯ ವ್ಯಾಪಾರಿಗಳಿಗೆ ಗುತ್ತಿಗೆಗೆ ಕೊಡಲ್ಪಟ್ಟಿದ್ದವು. ಸ್ಪ್ರೂಸ್‌ರವರು ಮೊದಲು ಹಕ್ಕುದಾರರೊಡನೆ ಕರಾರು ಮಾಡಿಕೊಂಡರು: ೪೦೦ ಡಾಲರು ಕೊಟ್ಟರೆ ಬೇಕಾದಷ್ಟು ಬೀಜವನ್ನೂ ಸಸಿಗಳನ್ನೂ ತೆಗೆದುಕೊಳ್ಳಬಹುದು, ತೊಗಟೆಯನ್ನು ಮಾತ್ರ ಮುಟ್ಟಕೂಡದು. ಹಕ್ಕುದಾರರ ದೃಷ್ಟಿಯೆಲ್ಲಾ ತೊಗಟೆಯ ಮೇಲೆಯೇ ಇದ್ದಿತು. ಬೀಜವು ಹೋದರೆ ಕೆಲವು ವರ್ಷಗಳಲ್ಲಿ ತೊಗಟೆಯ ವ್ಯಾಪಾರವೂ ಅದರ ಹಿಂದೆಯೇ ಹೋಗುವುದೆಂಬುದು ಅವರಿಗೆ ಹೊಳೆಯಲಿಲ್ಲ.

ಕೆಲಸವು ಆರಂಭವಾಗುವುದಕ್ಕೆ ಮೊದಲೇ ದೊಡ್ಡ ವಿಪತ್ತು ಒದಗಿತು. ೧೮೬೦ನೆಯ ಇಸವಿ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಸ್ಪ್ರೂಸ್‌ರವರು ಎಚ್ಚತ್ತಾಗ ಬೆನ್ನೂ ಕಾಲುಗಳೂ ಸ್ವಾಧೀನವಿರಲಿಲ್ಲ. ವರ್ಷಗಟ್ಟಲೆ ನೀರಿನಲ್ಲಿ ನಿಂತು, ಒದ್ದೆ ಬಟ್ಟೆಯಲ್ಲಿ ಮಲಗಿ, ಅರೆಹೊಟ್ಟೆಯಲ್ಲಿ ದಿನಗಳನ್ನು ಕಳೆದ ದೇಹವು ಅಂದು ಸೋತಿತು. ಅಂದಿನಿಂದ ಸಾಯುವವರೆಗೂ ನೆಟ್ಟಗೆ ಕುಳಿತುಕೊಳ್ಳುವುದಾಗಲಿ ನೋವಿಲ್ಲದೆ ನಡೆಯುವುದಾಗಲಿ ಅವರಿಂದ ಆಗಲಿಲ್ಲ. ಒಪ್ಪಿಕೊಂಡ ಕೆಲಸವನ್ನು ಬಿಟ್ಟುಬಿಡುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣವು ಬೇಕಾಗಿರಲಿಲ್ಲ. ಆದರೂ ಜೂನ್ ತಿಂಗಳಲ್ಲಿ ಪರ್ವತದ ಪ್ರಯಾಣವನ್ನು ಕೈಗೊಂಡು, ಲಿಮೋನ್ ಎಂಬ ಸ್ಥಳದಲ್ಲಿ ಕಾಡಿನ ನಡುವಣ ಒಂದು ಗುಡಿಸಲಲ್ಲಿ ಬೀಡುಬಿಟ್ಟರು. ಆ ವರ್ಷ ದೇಶದಲ್ಲಿ ಒಳಜಗಳವು ಯುದ್ಧಕ್ಕೇರಿದ್ದಿತು. ಸೈನ್ಯಗಳು ದಾರಿಗಳನ್ನು ಹಿಡಿದಿದ್ದವು. ಹೇಸರಗತ್ತೆಗಳೂ ಆಳುಗಳೂ ದೊರೆಯುವುದು ದುರ್ಲಭವಾಗಿದ್ದಿತು.

ಲಿಮೋನಿನಲ್ಲಿ ದೊಡ್ಡ ಮರಗಳನ್ನು ತೊಗಟೆಯವರು ಆಗಲೇ ಕಡಿದುಬಿಟ್ಟಿದ್ದರು. ಉಳಿದವುಗಳಲ್ಲಿ ಬಹುಪಾಲು ಕಡಿದ ಬೊಡ್ಡೆಯಿಂದ ಚಿಗುರಿ ಎದ್ದವು. ಬುಡದಿಂದ ಮತ್ತೆ ಚಿಗುರುವ ಈ ಗುಣವನ್ನು ಸ್ಪ್ರೂಸ್‌ರವರು ವಿಶೇಷವಾಗಿ ಗಮನಿಸಿ ಬರೆದರು. ಮುಂದೆ ತೋಟಗಳಲ್ಲಿ ಮರವನ್ನು ಕಡಿದು ಚಿಗುರು ಬಿಡಿಸಿ ಎರಡನೆಯ ಫಸಲನ್ನು ಪಡೆಯುವುದಕ್ಕೆ ಇದೇ ಆಧಾರ. ಉತ್ತಮ ಮರವನ್ನು ಗುರುತಿಸಲು ಅಲ್ಲಿನ ಕೆಲಸಗಾರರಿಗೆ ತಿಳಿದಿದ್ದ ಉಪಾಯವೂ ಸ್ವಾರಸ್ಯವಾಗಿದೆ. ತೊಗಟೆಗೆ ಕತ್ತಿಯಿಂದ ಕಚ್ಚು ಹಾಕಿದರೆ ಒಸರುವ ರಸಕ್ಕೆ ಮೊದಲು ಬಣ್ಣವಿರುವುದಿಲ್ಲ; ಗಾಳಿ ತಾಕಿದೊಡನೆ ಹಾಲಿನಂತೆ ಬಿಳುಪಾಗಿ, ಕೆಲವು ನಿಮಿಷಗಳಲ್ಲಿ ಕೆಂಪಾಗುತ್ತದೆ. ಎಷ್ಟು ಬೇಗನೆ ಎಷ್ಟು ಗಾಢವಾಗಿ ಕೆಂಪೇರುವುದೋ ತೊಗಟೆಯು ಅಷ್ಟು ಬೆಲೆಯುಳ್ಳದೆಂದು ಅವರ ನಂಬಿಕೆ. ಆದರೆ ಆ ತೊಗಟೆಯು ಏತಕ್ಕೆ ಉಪಯೋಗವೆಂದು ಕೇಳಿದರೆ, ಬಟ್ಟೆಗೆ ಬಣ್ಣ ಹಾಕಲು ಪರದೇಶದವರು ಕೊಳ್ಳುವರೆಂದು ಹೇಳುತ್ತಿದ್ದರು. ತಮಗೆ ಜ್ವರ ಬಂದಾಗ ಅದನ್ನು ಮುಟ್ಟುತ್ತಿರಲಿಲ್ಲ. ಅದು ಉಷ್ಣವೆಂದು ಅವರಿಗೆ ಭಯ. ಕ್ವಿನೀನು ಉಷ್ಣವೆಂಬ ಮಾತು ನಮ್ಮ ಗ್ರಾಮಗಳಲ್ಲಿಯೂ ಅಪರಿಚಿತವಲ್ಲ.

ಜುಲೈ ತಿಂಗಳಲ್ಲಿ ರಾಬರ್ಟ್ ಕ್ರಾಸ್ ಎಂಬ ತೋಟಗಾರರು ಇಂಗ್ಲೆಂಡಿನ ಕ್ಯೂ ಉದ್ಯಾನದ ಕಡೆಯಿಂದ ಬಂದು ಸೇರಿಕೊಂಡರು. ಸ್ಪ್ರೂಸ್‌ರವರು ಬೀಜದ ಕಡೆಯನ್ನೂ ಕ್ರಾಸ್‌ರವರು ಸಸಿಗಳ ಕಡೆಯನ್ನೂ ಮುಖ್ಯವಾಗಿ ವಹಿಸಿದರು. ಸಿಂಕೋನಾ ಬೀಜವು ಬಹು ಹಗುರ. ಸುತ್ತಲೂ ರೆಕ್ಕೆಯಂತಹ ತೆಳುವಾದ ಅಂಚಿರುವುದರಿಂದ ಕಾಯಿಯು ಬಿರಿದರೆ ಗಾಳಿಯಲ್ಲಿ ಹಾರಿಹೋಗುತ್ತದೆ. ಹಸಿಯಾಗಿ ಕೊಯ್ದರೆ ಮೊಳೆಯದು, ಬಿರಿಯಲು ಬಿಟ್ಟರೆ ಕೈಗೆ ಸಿಕ್ಕದು. ಆದುದರಿಂದ ಮರಮರಕ್ಕೂ ಕಾವಲಿದ್ದು, ಕಾಯಿ ಬಲಿತು ಬಿರಿಯುವ ಹೊತ್ತನ್ನು ನೋಡಿ ಕೊಯ್ದು, ಹಾಸಿದ ಬಟ್ಟೆಯ ಮೇಲೆ ಒಣಗಿಸಬೇಕಾಯಿತು. ಹೀಗೆ ಚೆನ್ನಾಗಿ ಬಲಿತ ಸುಮಾರು ೨,೫೦೦ ಕಾಯಿಗಳು ದೊರೆತವು. ಒಂದೊಂದರಲ್ಲಿ ಸುಮಾರು ೪೦ ಬೀಜಗಳಂತೆ ಒಟ್ಟು ಒಂದು ಲಕ್ಷ ಬೀಜಗಳಾದವೆಂದು ಅವರ ಎಣಿಕೆ. ಕ್ರಾಸ್‌ರವರು ಬೇಲಿ ಹಾಕಿ ನೆರಳು ಕಟ್ಟಿ ಸಸಿಮಡಿಗಳನ್ನು ಮಾಡಿ, ಕೊಂಬೆಯ ತುಂಡುಗಳನ್ನು ನೆಟ್ಟು ಬೇರು ಬರಿಸಿದರು. ಬಿಸಿಲಿನ ದಿನಗಳಲ್ಲಿ ನೀರನ್ನು ದೂರದಿಂದ ಹೊತ್ತು ಹಾಕಬೇಕಾಗಿದ್ದಿತು. ಕಂಬಳಿಹುಳುಗಳ ಕಾಟವೂ ತಪ್ಪಲಿಲ್ಲ.

ಸಸಿಗಳನ್ನು ಸಾಗಿಸಲು ಉಪಯೋಗಿಸಿದುದು ವಾರ್ಡನ ಪೆಟ್ಟಿಗೆ. ಲಂಡನಿನ ವೈದ್ಯರಾದ ನೆಥಾನಿಯಲ್ ವಾರ್ಡ್‌ರವರು ಕಂಡುಹಿಡಿದ ಈ ಪೆಟ್ಟಿಗೆಯು ಗಾಜಿನ ಮೇಲ್ಭಾಗವುಳ್ಳ, ಗಾಳಿಯಾಡದಂತೆ ಮುಚ್ಚಿದ ಒಂದು ಸಣ್ಣ ಮನೆಯಂತೆ ಇರುತ್ತದೆ. ಒಳಗಿನ ಮಣ್ಣಿಗೆ ಒಮ್ಮೆ ನೀರುಣಿಸಿದರೆ ಎಲೆಗಳಿಂದಲೂ ಮಣ್ಣಿನಿಂದಲೂ ಏಳುವ ಆವಿಯು ಗಾಜಿಗೆ ತಾಕಿ ಹನಿಗೂಡಿ ಮತ್ತೆ ಮಣ್ಣಿಗೇ ಇಳಿಯುತ್ತದೆ. ಸಮುದ್ರದ ಉಪ್ಪುಗಾಳಿಯು ಒಳಗೆ ಹೋಗುವುದಿಲ್ಲ. ಹಡಗಿನಲ್ಲಿ ದುರ್ಲಭವಾದ ಸಿಹಿನೀರು ಹೆಚ್ಚಾಗಿ ಬೇಕಾಗುವುದಿಲ್ಲ. ಬೆಳಕು ಮಾತ್ರ ಬೀಳುತ್ತಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಚಹಾ, ರಬ್ಬರು ಮುಂತಾದ ಗಿಡಗಳು ಖಂಡದಿಂದ ಖಂಡಕ್ಕೆ ಹೋದುದು ಇದೇ ಬಗೆಯ ಪೆಟ್ಟಿಗೆಗಳಲ್ಲಿ.

೧೮೬೦ರ ಡಿಸೆಂಬರ್ ತಿಂಗಳಲ್ಲಿ ಸಸಿಗಳನ್ನು ಬೆಟ್ಟದಿಂದ ಇಳಿಸಿ, ಪೆಟ್ಟಿಗೆಗಳಲ್ಲಿ ನೆಟ್ಟು, ಬಾಲ್ಸಾ ಎಂಬ ಹಗುರವಾದ ಮರದ ದಿಮ್ಮಿಗಳಿಂದ ಕಟ್ಟಿದ ತೆಪ್ಪದ ಮೇಲೆ ಏರಿಸಿ, ಗುವಾಯಾಕಿಲ್ ಬಂದರಿಗೆ ಬಿಟ್ಟರು. ಹೊಳೆಯು ಇಕ್ಕಟ್ಟಾದ ತಿರುವುಗಳಲ್ಲಿ ರಭಸದಿಂದ ಹರಿಯುತ್ತಿದ್ದಿತು. ತೆಪ್ಪವು ದಡಕ್ಕೆ ಬಡಿಯಿತು. ಬಾಗಿದ್ದ ಕೊಂಬೆಗಳು ಪೆಟ್ಟಿಗೆಗಳನ್ನು ಉಜ್ಜಿ ಎತ್ತಿಹಾಕಿದವು. ಆರು ತಿಂಗಳ ಶ್ರಮವು ಕ್ಷಣಮಾತ್ರದಲ್ಲಿ ನೀರುಪಾಲಾಗುವುದರಲ್ಲಿದ್ದಿತು. ಹೇಗೋ ಸಸಿಗಳು ಉಳಿದವು. ೧೮೬೧ರ ಜನವರಿ ೨ರಂದು ೬೩೭ ಸಸಿಗಳು ಗುವಾಯಾಕಿಲಿನಲ್ಲಿ ಹೊಗೆಹಡಗನ್ನು ಏರಿದವು. ಕ್ರಾಸ್‌ರವರು ಅವುಗಳ ಸಂಗಡ ಹೊರಟರು. ಪನಾಮಾ ಭೂಸಂಧಿಯನ್ನು ದಾಟಿ, ಇಂಗ್ಲೆಂಡನ್ನು ಮುಟ್ಟಿ, ಅಲ್ಲಿಂದ ಈಜಿಪ್ಟ್ ಮತ್ತು ಕೆಂಪು ಸಮುದ್ರದ ಮಾರ್ಗವಾಗಿ ಬಂದು ಅದೇ ಏಪ್ರಿಲ್ ತಿಂಗಳಲ್ಲಿ ಉದಕಮಂಡಲದ ಸರಕಾರಿ ಉದ್ಯಾನವನ್ನು ಸೇರಿದಾಗ ೪೬೦ಕ್ಕೂ ಹೆಚ್ಚು ಸಸಿಗಳು ಜೀವದಿಂದಿದ್ದವು. ಬೀಜಗಳು ಬೇರೆ ಮಾರ್ಗವಾಗಿ ನೀಲಗಿರಿಗೂ ಸಿಂಹಳಕ್ಕೂ ಬಂದು ಚೆನ್ನಾಗಿ ಮೊಳೆತವು.

ಇದಕ್ಕೆ ಹಿಂದಿನ ವರ್ಷ ಮಾರ್ಕ್‌ಹ್ಯಾಮ್‌ರವರು ತಂದ ಕ್ಯಾಲಿಸಾಯ ಸಸಿಗಳ ಗತಿಯು ಬೇರೆಯಾಯಿತು. ಅವುಗಳನ್ನು ಸಾಗಿಸುವಲ್ಲಿ ತಡವಾಗಿ, ಕೆಂಪು ಸಮುದ್ರವನ್ನು ಕಡು ಬೇಸಗೆಯಲ್ಲಿ ದಾಟಬೇಕಾಯಿತು. ಪೆಟ್ಟಿಗೆಗಳೊಳಗೆ ಸಸಿಗಳು ಬೆಂದವು. ನೀಲಗಿರಿಯನ್ನು ಸೇರಿದವುಗಳೂ ಬದುಕಲಿಲ್ಲ. ಕ್ರಾಸ್‌ರವರ ಪೆಟ್ಟಿಗೆಗಳು ಅದೇ ಸಮುದ್ರವನ್ನು ತಂಪಾದ ತಿಂಗಳುಗಳಲ್ಲಿ ದಾಟಿದವು. ಎರಡು ತಂಡಗಳ ಶ್ರದ್ಧೆಯಲ್ಲಿ ಭೇದವಿರಲಿಲ್ಲ, ಹಂಗಾಮಿನಲ್ಲಿ ಭೇದವಿದ್ದಿತು.

ನೀಲಗಿರಿಯಲ್ಲಿ ಸಿಂಕೋನಾ ಸಾಗುವಳಿಯನ್ನು ನಡೆಸಿದವರು ಉದಕಮಂಡಲದ ಉದ್ಯಾನದ ಅಧಿಕಾರಿಯಾದ ವಿಲಿಯಂ ಮ್ಯಾಕ್‌ಐವರ್. ಅವರು ಕೊಂಬೆಯ ತುಂಡುಗಳಿಂದ ಸಸಿಗಳನ್ನು ಶೀಘ್ರವಾಗಿ ಹೆಚ್ಚಿಸಿ, ದೊಡ್ಡಬೆಟ್ಟದ ಬದಿಯಲ್ಲಿಯೂ, ಗೂಡಲೂರಿನ ಮಾರ್ಗವಾಗಿ ಮೈಸೂರಿಗೆ ಇಳಿಯುವ ದಾರಿಯಲ್ಲಿನ ನಡುವಟ್ಟದಲ್ಲಿಯೂ ತೋಟಗಳನ್ನು ಎಬ್ಬಿಸಿದರು. ಕೆಂಪು ತೊಗಟೆಯ ಜಾತಿಗೆ ಅತಿ ಎತ್ತರವಲ್ಲದ, ಮಂಜೂ ಮಳೆಯೂ ಧಾರಾಳವಾಗಿರುವ ಇಳಿಜಾರು ಒಪ್ಪಿತು. ಜಾವಾ ದ್ವೀಪದಲ್ಲಿ ಡಚ್ಚರು ಮೊದಲು ದಟ್ಟವಾದ ಕಾಡಿನ ನೆರಳಿನಲ್ಲಿ ನೆಟ್ಟು ನಷ್ಟಪಟ್ಟಿದ್ದರು. ಮ್ಯಾಕ್‌ಐವರ್‌ರವರು ಬಯಲಿನಲ್ಲಿ, ಬೆಳಕಿಗೆ ಒಡ್ಡಿ ನೆಟ್ಟು ಜಯ ಪಡೆದರು. ಮರವನ್ನು ಕಡಿಯದೆ ತೊಗಟೆ ತೆಗೆಯುವ ಒಂದು ಕ್ರಮವನ್ನೂ ಅವರು ಕಂಡುಹಿಡಿದರು. ಕಾಂಡದ ಉದ್ದಕ್ಕೂ ಒಂದು ಪಟ್ಟೆಯ ತೊಗಟೆಯನ್ನು ತೆಗೆದು, ಪಕ್ಕದ ಪಟ್ಟೆಯನ್ನು ಹಾಗೆಯೇ ಬಿಟ್ಟು, ಕಾಂಡಕ್ಕೆಲ್ಲಾ ಒದ್ದೆಯಾದ ಹಾವಸೆಯನ್ನು ಸುತ್ತಿ ಕಟ್ಟಿದರೆ ತೆಗೆದ ಕಡೆಯಲ್ಲಿ ಹೊಸ ತೊಗಟೆಯು ಹುಟ್ಟುತ್ತದೆ. ಅದರಲ್ಲಿ ಔಷಧಾಂಶವು ಹಳೆಯದಕ್ಕಿಂತಲೂ ಕಡಮೆಯಿರುವುದಿಲ್ಲ. ಬೆಟ್ಟದ ಬಂಡೆಗಳ ಮೇಲೆ ಬಿಟ್ಟಿಯಾಗಿ ಸಿಕ್ಕುವ ಹಾವಸೆಯಿಂದ ಆದ ಈ ಪ್ರಯೋಜನವು ಸ್ಪ್ರೂಸ್‌ರವರಿಗೆ ಸಂತೋಷವನ್ನು ಉಂಟುಮಾಡಿರಬೇಕು.

ಆದರೆ ಬೀಜದ ಆಯ್ಕೆಯ ವಿಷಯವು ಇಷ್ಟಕ್ಕೇ ಮುಗಿಯಲಿಲ್ಲ. ಕೆಂಪು ತೊಗಟೆಯ ಮರವು ಗಟ್ಟಿ, ಬೇಗನೆ ಬೆಳೆಯುವುದು, ಅದರ ತೊಗಟೆಯಲ್ಲಿ ಜ್ವರಹರವಾದ ಕ್ಷಾರಗಳ ಒಟ್ಟು ಮೊತ್ತವೂ ಹೆಚ್ಚು. ಆದರೆ ಅದರಲ್ಲಿ ಕ್ವಿನೀನಿನ ಭಾಗವು ಕಡಮೆ, ಸಿಂಕೋನಿಡೀನು ಮುಂತಾದವುಗಳ ಭಾಗವು ಹೆಚ್ಚು. ೧೮೬೬ರಲ್ಲಿ ಸರಕಾರವು ನೇಮಿಸಿದ ವೈದ್ಯರ ಸಮಿತಿಗಳು ಈ ಇತರ ಕ್ಷಾರಗಳೂ ಚಳಿಜ್ವರಕ್ಕೆ ಬಹುಮಟ್ಟಿಗೆ ಕ್ವಿನೀನಿನಂತೆಯೇ ಗುಣ ಕೊಡುವುವೆಂದು ಕಂಡುವು. ಆದರೆ ಪರದೇಶದ ಪೇಟೆಯವರು ಕೇಳುತ್ತಿದ್ದುದು ಕ್ವಿನೀನನ್ನೇ. ಡಚ್ಚರ ಸ್ಥಿತಿಯು ಇನ್ನೂ ಕೆಟ್ಟಿದ್ದಿತು. ಅವರು ಪಹುಡಿಯಾನ ಎಂಬ ಜಾತಿಯನ್ನು ಹತ್ತು ಲಕ್ಷಕ್ಕೂ ಮಿಕ್ಕಿ ಬೆಳೆಯಿಸಿದ ಮೇಲೆ ಅದರ ತೊಗಟೆಯಲ್ಲಿ ಸತ್ವವೇ ಇಲ್ಲವೆಂದು ತಿಳಿಯಿತು. ಪರೀಕ್ಷಿಸದೆ ಹರಡಿದ ಬಿತ್ತನೆಯಿಂದ ಆಗುವ ನಷ್ಟಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯು ವ್ಯವಸಾಯದ ಚರಿತ್ರೆಯಲ್ಲಿ ಅಪರೂಪ.

ಅವರ ಅದೃಷ್ಟವನ್ನು ತಿರುಗಿಸಿದುದು ಬೊಲಿವಿಯಾ ದೇಶದ ಒಬ್ಬ ಅರಣ್ಯವಾಸಿಯ ಕಣ್ಣು. ಚಾರ್ಲ್ಸ್ ಲೆಜರ್ ಎಂಬ ವ್ಯಾಪಾರಿಯ ಸೇವಕನಾಗಿದ್ದ, ಐಮಾರಾ ಜನಾಂಗದ ಮಾನ್ವೆಲ್ ಇಂಕ್ರ ಮಾಮಾನಿಯು ಯಾವ ಮರಗಳ ತೊಗಟೆಯು ಶ್ರೇಷ್ಠವೆಂಬುದನ್ನು ಬಲ್ಲವನು. ಆ ಮರಗಳ ಕಾಯಿಗಳು ಹಿಮದಿಂದ ಕೆಡುತ್ತಿದ್ದುದರಿಂದ ನಾಲ್ಕು ವರ್ಷ ಕಾದು, ಒಳ್ಳೆಯ ಬೀಜ ದೊರೆತ ಮೇಲೆ ೧೮೬೫ರಲ್ಲಿ ತಂದುಕೊಟ್ಟನು. ಲಂಡನಿನಲ್ಲಿ ಬ್ರಿಟಿಷ್ ಅಧಿಕಾರಿಗಳು ಆ ಬೀಜವನ್ನು ಕೊಳ್ಳಲಿಲ್ಲ. ಡಚ್ಚರು ಸುಮಾರು ಒಂದು ಪೌಂಡನ್ನು ಕೊಂಡು ಜಾವಾದಲ್ಲಿ ಬಿತ್ತಿ ಸುಮಾರು ೨೦,೦೦೦ ಸಸಿಗಳನ್ನು ಪಡೆದರು. ಅವುಗಳ ತೊಗಟೆಯಲ್ಲಿ ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚು ಕ್ವಿನೀನು ಕಂಡುಬಂದಿತು. ಆದರೆ ಈ ಲೆಜರ್ ಜಾತಿಯು ನಾಜೂಕು. ಅದಕ್ಕೆ ಆಧಾರವಾಗಿ ಒದಗಿದುದು ಸ್ಪ್ರೂಸ್‌ರವರ ಕೆಂಪು ತೊಗಟೆಯ ಗಟ್ಟಿಮರವೇ. ಅದರ ಸಸಿಯ ಬುಡದ ಮೇಲೆ ಲೆಜರ್ ಜಾತಿಯ ಕಡ್ಡಿಯನ್ನು ಕಸಿಮಾಡಿ ಡಚ್ಚರು ತೋಟಗಳನ್ನು ಬೆಳೆಯಿಸಿದರು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಲೋಕದ ಕ್ವಿನೀನಿನ ಹತ್ತರಲ್ಲಿ ಒಂಬತ್ತು ಭಾಗವು ಜಾವಾದಿಂದಲೇ ಬರುತ್ತಿದ್ದಿತು. ಮಾಮಾನಿಗೆ ದೊರೆತುದು ಸೆರೆಮನೆ. ಬೀಜವನ್ನು ಹೊರಕ್ಕೆ ಸಾಗಿಸಿದನೆಂದು ಹಿಡಿದು ಹೊಡೆದುದರಿಂದ ೧೮೭೧ರಲ್ಲಿ ಸತ್ತನು.

ಪೇಟೆಯ ಕಥೆಯನ್ನೂ ಹೇಳದೆ ಬಿಡತಕ್ಕದ್ದಲ್ಲ. ಸಿಂಹಳದಲ್ಲಿ ೧೮೬೯ರಿಂದ ಕಾಫಿಯ ಎಲೆಗೆ ತುಕ್ಕುರೋಗವು ಬಿದ್ದು ತೋಟಗಳು ಹಾಳಾದುವು. ತೋಟಗಾರರು ಸಿಂಕೋನಾವನ್ನು ನಂಬಿ ಲಕ್ಷಗಟ್ಟಲೆ ನೆಟ್ಟರು. ಎಲ್ಲರ ತೊಗಟೆಯೂ ಒಂದೇ ಕಾಲಕ್ಕೆ ಪೇಟೆಗೆ ಬಂದು ಧಾರಣೆಯು ಕುಸಿಯಿತು. ಮರಗಳನ್ನು ಕಿತ್ತು ಚಹಾ ಹಾಕಿದರು. ರೋಗಿಗಳಿಗೆ ಇದರಿಂದ ಲಾಭವಾಯಿತೆಂಬುದು ನಿಜ. ಬ್ರಿಟಿಷ್ ಇಂಡಿಯಾದಲ್ಲಿ ಕ್ವಿನೀನನ್ನು ಅಂಚೆಕಛೇರಿಗಳ ಮೂಲಕ ಅಲ್ಪ ಬೆಲೆಯ ಪೊಟ್ಟಣಗಳಲ್ಲಿ ಮಾರಲು ಸಾಧ್ಯವಾದುದು ಬೆಲೆ ಇಳಿದುದರಿಂದಲೇ. ಆಂಡೀಸ್ ಪ್ರಾಂತದ ತೊಗಟೆಯ ವ್ಯಾಪಾರವಾದರೋ ಬಹುಮಟ್ಟಿಗೆ ನಿಂತುಹೋಯಿತು. ಈಕ್ವಡಾರ್ ಸರಕಾರವು ೧೮೬೧ರಲ್ಲಿ ಬೀಜವನ್ನೂ ಸಸಿಗಳನ್ನೂ ಹೊರಕ್ಕೆ ಒಯ್ಯಕೂಡದೆಂದು ಆಜ್ಞೆ ಮಾಡಿತು. ಆ ವೇಳೆಗೆ ತೆಪ್ಪವು ಹೋಗಿಯಾಗಿದ್ದಿತು.

ಇಂದು ಇಂತಹ ವ್ಯವಹಾರವನ್ನು ಬೇರೆ ದೃಷ್ಟಿಯಿಂದ ನೋಡಲಾಗುತ್ತದೆ. ೧೯೯೨ರ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕ್ಕಾರ ಒಂದು ದೇಶದ ಸಸ್ಯಸಂಪತ್ತಿನ ಮೇಲೆ ಆ ದೇಶಕ್ಕೇ ಅಧಿಕಾರವುಂಟು. ಭಾರತದಲ್ಲಿ ೨೦೦೨ರ ಜೀವವೈವಿಧ್ಯ ಅಧಿನಿಯಮದಂತೆ ವಿದೇಶೀಯರು ರಾಷ್ಟ್ರೀಯ ಪ್ರಾಧಿಕಾರದ ಅಪ್ಪಣೆಯಿಲ್ಲದೆ ಇಲ್ಲಿನ ಸಸ್ಯಗಳನ್ನು ಸಂಶೋಧನೆಗಾಗಲಿ ವ್ಯಾಪಾರಕ್ಕಾಗಲಿ ತೆಗೆದುಕೊಳ್ಳಲಾಗದು. ಪ್ರತಿಯೊಂದು ಗ್ರಾಮಪಂಚಾಯತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ತನ್ನ ಸರಹದ್ದಿನ ಗಿಡಮೂಲಿಕೆಗಳನ್ನೂ ನಾಟಿ ತಳಿಗಳನ್ನೂ ಅವುಗಳ ಉಪಯೋಗವನ್ನೂ ದಾಖಲೆಪುಸ್ತಕದಲ್ಲಿ ಬರೆದಿಡಬೇಕೆಂದು ಆ ಕಾಯಿದೆಯಲ್ಲಿದೆ. ಊರಿನ ಯಾವ ಮುದುಕಿಗೆ ಯಾವ ಬೇರಿನ ಗುಣವು ತಿಳಿದಿದೆಯೆಂಬುದನ್ನು ಗ್ರಾಮದ ಮುಖ್ಯಸ್ಥರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲವಾದುದರಿಂದ, ಈ ಪುಸ್ತಕವು ಬರಿಯ ಕಛೇರಿಯ ಕಾಗದವಾಗಿ ಉಳಿಯುವುದೂ ಉಳಿಯದಿರುವುದೂ ಅವರ ಕೈಯಲ್ಲಿದೆ. ಸ್ಪ್ರೂಸ್‌ರವರು ಹಕ್ಕುದಾರರಿಗೆ ಹೇಳಿ, ಹಣ ಕೊಟ್ಟು, ಕರಾರಿನಂತೆ ನಡೆದವರು, ಕದ್ದವರಲ್ಲ. ಆದರೆ ರಸದ ಬಣ್ಣವನ್ನು ನೋಡಿ ಮರವನ್ನು ಗುರುತಿಸಿಕೊಟ್ಟ ಕೆಲಸಗಾರರಿಗೆ ದಿನಗೂಲಿಯ ಹೊರತು ಬೇರೇನೂ ಸೇರಲಿಲ್ಲವೆಂಬುದೂ ಮರೆಯತಕ್ಕದ್ದಲ್ಲ.

ಸ್ಪ್ರೂಸ್‌ರವರಿಗೆ ಸೇರಿದುದಾದರೂ ಹೆಚ್ಚೇನಲ್ಲ. ೧೮೬೧ರಲ್ಲಿ ಗುವಾಯಾಕಿಲಿನ ಒಂದು ವ್ಯಾಪಾರಿ ಸಂಸ್ಥೆಯು ದಿವಾಳಿಯಾಗಿ, ಅಲ್ಲಿ ಇಟ್ಟಿದ್ದ ಅವರ ಉಳಿತಾಯವು ಹೋಯಿತು. ೧೮೬೪ರಲ್ಲಿ ಮುರಿದ ಶರೀರದೊಡನೆ ಇಂಗ್ಲೆಂಡಿಗೆ ಹಿಂದಿರುಗಿದರು. ಮರುವರ್ಷ ಬ್ರಿಟಿಷ್ ಸರಕಾರವು ವರ್ಷಕ್ಕೆ ೫೦ ಪೌಂಡುಗಳ ವಿಶ್ರಾಂತಿ ವೇತನವನ್ನು ಕೊಟ್ಟಿತು. ಮಾರ್ಕ್‌ಹ್ಯಾಮ್‌ರವರು ಮತ್ತೆ ಮತ್ತೆ ಬರೆದುಕೊಂಡ ಮೇಲೆ ೧೮೭೭ರಲ್ಲಿ ಭರತಖಂಡದ ಸರಕಾರವು ಇನ್ನೂ ೫೦ ಪೌಂಡುಗಳನ್ನು ಸೇರಿಸಿತು. ಹುಟ್ಟೂರಿನ ಬಳಿಯ ಕೋನೀಸ್‌ತೋರ್ಪ್ ಎಂಬ ಹಳ್ಳಿಯ ಚಿಕ್ಕ ಮನೆಯಲ್ಲಿ, ಹೆಚ್ಚು ಕಾಲ ಮಂಚದ ಮೇಲೆಯೇ ಒರಗಿಕೊಂಡು, ನೋವು ಕಡಮೆಯಾದ ಹೊತ್ತಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು, ತಾವು ತಂದ ಸಣ್ಣ ಸಸ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಹಾವಸೆಗಳಿಗೆ ಹತ್ತಿರವಾದ, ಒದ್ದೆ ಎಲೆಗಳ ಮೇಲೂ ತೊಗಟೆಯ ಮೇಲೂ ಹಬ್ಬುವ ಹೆಪಾಟಿಕೆ ವರ್ಗದ ಸಸ್ಯಗಳನ್ನು ಕುರಿತ ಅವರ ಗ್ರಂಥವು ೧೮೮೪-೮೫ರಲ್ಲಿ ಹೊರಬಿದ್ದಿತು. ಅದರಲ್ಲಿ ೭೦೦ ಜಾತಿಗಳ ವರ್ಣನೆಯಿದೆ. ೪೦೦ರಷ್ಟು ಜಾತಿಗಳು ಅದುವರೆಗೆ ಶಾಸ್ತ್ರಜ್ಞರು ಕಾಣದವು. ೧೮೯೩ನೆಯ ಇಸವಿ ಡಿಸೆಂಬರ್ ೨೮ರಂದು ಅವರು ದೈವಾಧೀನರಾದರು. ಸಂಚಾರದ ದಿನಚರಿಗಳನ್ನು ಅವರ ಮಿತ್ರರೂ ಪ್ರಸಿದ್ಧ ಪ್ರಕೃತಿಶಾಸ್ತ್ರಜ್ಞರೂ ಆದ ಆಲ್ಫ್ರೆಡ್ ರಸೆಲ್ ವಾಲೇಸ್‌ರವರು ೧೯೦೮ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು.

ಚಳಿಜ್ವರವು ಕೆಟ್ಟ ಗಾಳಿಯಿಂದ ಬರುವುದೆಂಬುದು ಸ್ಪ್ರೂಸ್‌ರವರ ಕಾಲದ ವೈದ್ಯರ ಅಭಿಪ್ರಾಯ. ಅದರ ರೋಗಾಣುವನ್ನು ಲವರಾನ್‌ರವರು ೧೮೮೦ರಲ್ಲಿ ಮನುಷ್ಯನ ರಕ್ತದಲ್ಲಿ ಕಂಡರು. ಸ್ಪ್ರೂಸ್‌ರವರು ತೀರಿಕೊಂಡ ನಾಲ್ಕು ವರ್ಷಗಳ ನಂತರ, ೧೮೯೭ರ ಆಗಸ್ಟ್ ತಿಂಗಳಲ್ಲಿ, ರೊನಾಲ್ಡ್ ರಾಸ್‌ರವರು ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದರು. ೧೯೪೨ರಲ್ಲಿ ಜಾವಾ ದ್ವೀಪವು ಜಪಾನೀಯರ ವಶವಾಗಿ ಕ್ವಿನೀನು ದುರ್ಲಭವಾದಾಗ ಕೃತಕ ಔಷಧಗಳು ಬಳಕೆಗೆ ಬಂದವು. ಇಂದು ವೈದ್ಯರು ಕಠಿಣ ಜಾತಿಯ ಚಳಿಜ್ವರಕ್ಕೆ ಮುಖ್ಯವಾಗಿ ಕೊಡುವುದು ಚೀನಾ ದೇಶದ ಒಂದು ಮಾಚಿಪತ್ರೆಯ ಜಾತಿಯ ಗಿಡದಿಂದ ದೊರೆತ ಆರ್ಟಿಮಿಸಿನಿನ್ ವರ್ಗದ ಔಷಧಗಳನ್ನು. ಕ್ವಿನೀನನ್ನು ಕೆಲವು ವಿಶೇಷ ಸಂದರ್ಭಗಳಲ್ಲಿ ಮಾತ್ರ ಬಳಸುತ್ತಾರೆ.